ಬೀವರ್ ಬಾಲ, ಹೆಜ್ಜೇನಿನ ಮುಳ್ಳು

ಈಗಲೂ ಪಕ್ಕದ ಮನೆಯಲ್ಲಿ ಯಾರಾದರೂ ತಂಬೂರಿ ಮೀಟಿದರೆ ನಾನು ಮೊದಲು ನೋಡುವುದು ಕಿಟಕಿಯ ಕಡೆಗೆ. ಸಂಗೀತದ ಮೇಲೆ ನನಗೆ ದ್ವೇಷವೇನೂ ಇಲ್ಲ. ಗುಂಯ್ ಎನ್ನುವ ಯಾವುದರ ಮೇಲೂ ನಂಬಿಕೆಯಿಲ್ಲ, ಅಷ್ಟೇ.

ಈ ಸಂಶಯ ಹುಟ್ಟಿದ್ದು ಮೂಡಲಗಿಯ ಹತ್ತಿರ, ನಮ್ಮ ಕಾಕಾನ ಕಬ್ಬಿನ ಗಾಣದಲ್ಲಿ. ಬೆಳಗಾವಿಯಲ್ಲಿ ಪ್ರಾಣಿಶಾಸ್ತ್ರ ಓದಿ ಮುಗಿಸಿದ ಹೊಸತು. ಹಲ್ಲಿನಿಂದ ಮರ ಕಡಿದು, ಹಳ್ಳಕ್ಕೆ ಒಡ್ಡು ಕಟ್ಟಿ, ನೀರಿನ ನಡುವೆ ಸಂಸಾರ ಹೂಡುವ ಬೀವರ್ ಎಂಬ ಪರದೇಶದ ಪ್ರಾಣಿಯನ್ನು ಕಂಡವರ ಮುಂದೆಲ್ಲ ಹೊಗಳುತ್ತಿದ್ದೆ. ಅದನ್ನು ನೋಡಿದ್ದು ಚಿತ್ರದಲ್ಲಿ ಮಾತ್ರ. ಹೆಜ್ಜೇನಿನ ಗೂಡಾದರೋ ಎದುರಿಗೇ, ಗಾಣದ ಹುಣಸೆಮರದಲ್ಲಿ ತೊಟ್ಟಿಲಿನಷ್ಟು ದೊಡ್ಡದಾಗಿ ಜೋತುಬಿದ್ದಿತ್ತು. ಅದರ ಕೆಳಗೇ ಬೆಲ್ಲದ ಒಲೆ.

“ಕಾಕಾ, ಹೊಗಿ ನೆಟ್ಟಗ ಗೂಡಿಗೇ ಹೊಂಟೈತಿ,” ಎಂದೆ.

ಜೈನರಾದ ನಮ್ಮ ಮನೆಯಲ್ಲಿ ಜೇನುತುಪ್ಪ ನಿಷಿದ್ಧ. ಜೇನು ಬಿಡಿಸಲು ಬಂದವರನ್ನೂ ಕಾಕಾ ಬೈದು ಕಳಿಸಿದ್ದರು. “ನಾವು ಅವುಗಳ ತುಪ್ಪ ಮುಟ್ಟಿಲ್ಲ, ಅವು ನಮ್ಮ ತಂಟೆಗೆ ಯಾಕ ಬರ್ತಾವು? ಸಾಲಿ ಕಲತು ಹುಳದ ಮ್ಯಾಲೂ ಸಂಶೇ ಪಡಾಕತ್ತಿಯಲ್ಲೋ!” ಎಂದು ನಕ್ಕು, ಒಲೆಗೆ ಇನ್ನಷ್ಟು ಕಬ್ಬಿನ ಸಿಪ್ಪೆ ನೂಕಿದರು.

ಮೊದಲ ಹುಳು ಅವರ ಕುತ್ತಿಗೆಗೇ ಕಚ್ಚಿತು. ಅಪಾಯ ಕಂಡ ಬೀವರ್ ಬಾಲದಿಂದ ನೀರಿಗೆ ಬಡಿಯುತ್ತದೆ. ಸದ್ದು ಕೇಳಿದ ಬಳಗವೆಲ್ಲ ಮುಳುಗಿ ಪಾರಾಗುತ್ತದೆ. ಕಾಕಾ ಚೀರಿದಾಗ ನಮ್ಮಲ್ಲಾದದ್ದೂ ಅದೇ: ಆಳುಗಳು ಕಬ್ಬಿನೊಳಗೆ, ನಾನು ಕಾಲುವೆಯೊಳಗೆ. ಉಸಿರಿಗೆಂದು ತಲೆ ಎತ್ತಿದರೆ, ಕಾಕಾ ಒಲೆಯ ಬದಿಗೆ ಬಿದ್ದಿದ್ದರು. ಮುಖವೆಲ್ಲ ಹುಳುಗಳಿಂದ ಕಪ್ಪಾಗಿತ್ತು.

ಹೆಜ್ಜೇನಿನ ರೀತಿಯೇ ಬೇರೆ. ಒಂದು ಚುಚ್ಚಿದಲ್ಲಿ ಉಳಿಯುವ ವಾಸನೆ ಉಳಿದವನ್ನು ಓಡಿಸುವುದಿಲ್ಲ, ಅಲ್ಲಿಗೇ ಕರೆಯುತ್ತದೆ. ಆ ಚೀರಾಟವನ್ನು ಹಾಗೆ ಕರೆಯೆಂದು ಕೇಳಿಸಿಕೊಂಡವರು ಕಾಕಾನ ಹೆಂಡತಿ ಕಾಕೂ ಒಬ್ಬರೇ. ಕೌದಿ ಹೊದ್ದುಕೊಂಡು ಗುಡಿಸಲಿನಿಂದ ಓಡಿ ಬಂದರು.

“ಏಳಬ್ಯಾಡ್ರಿ! ಮಾರಿ ನೆಲಕ್ಕ ಹಚ್ರಿ!” ಎಂದು ಗಂಡನನ್ನು ಕೌದಿಯೊಳಗೆ ಎಳೆದುಕೊಂಡು, ಹುಳುಗಳ ಮೋಡ ಕರಗುವವರೆಗೆ ಅವರ ಮೇಲೆ ಮಲಗಿಯೇ ಇದ್ದರು.

ಗಾಡಿ ಕಟ್ಟಿ ಗೋಕಾಕದ ಡಾಕ್ಟರರ ಬಳಿಗೆ ಒಯ್ದೆವು. ಉಳಿಯುವುದು ಕಷ್ಟವೆಂದರು, ಕಾಕಾ ಉಳಿದರು. ಕಣ್ಣು ಬಿಟ್ಟ ಗಂಡನನ್ನು, ತಮ್ಮದೇ ಊದಿದ ತುಟಿಯಿಂದ ಕಾಕೂ ಕೇಳಿದ ಮೊದಲ ಮಾತು: “ನಾವು ತುಪ್ಪ ತಿನ್ನೂದಿಲ್ಲಂತ ಅವಕ್ಕ ಯಾರು ಹೇಳಿದ್ರು?”

ಅಂದಿನಿಂದ ಬೀವರ್‌ನ ವರ್ಣನೆ ಬಿಟ್ಟಿದ್ದೇನೆ. ತಂಬೂರಿಯ ಸದ್ದಿಗೆ ಕಿಟಕಿಯನ್ನು ನೋಡುವ ಚಟ ಹೋಗಿಲ್ಲ. ಆಮೇಲೆ ಕಣ್ಣು ಮೂಲೆಯ ಕೌದಿಯನ್ನು ಹುಡುಕುತ್ತದೆ. ಅದು ಅಲ್ಲೇ ಇರುತ್ತದೆ. ಅದನ್ನೆತ್ತಿಕೊಂಡು ನಾನು ಯಾವ ಕಡೆಗೆ ಓಡುವೆನೆಂಬ ಸಂಶಯವೊಂದು ಮಾತ್ರ ಉಳಿದಿದೆ.