ಎಡಿನ್‌ಬರ್ಗಿನಲ್ಲಿ ಅಕ್ಕ ಹುಡುಕಿದ ಬೆಟ್ಟ

ಸೋಮವಾರ, ಬೆಳಿಗ್ಗೆ ಏಳು ಗಂಟೆ, ಶಹಾಪುರದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ಪಕ್ಕದ ಮನೆಯ ಸುಧಾ, ಮತ್ತು ಟ್ರಂಕಿನಿಂದ ಆಗಷ್ಟೇ ಹೊರಬಂದ ನನ್ನ ಉಣ್ಣೆಯ ಕೋಟು. ಹೀಗೆ ಶುರುಮಾಡಿದ್ದಕ್ಕೆ ನಗಬೇಡಿ. ಆಯುಷ್ಯವೆಲ್ಲ ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದವಳು ನಾನು. ಹೊತ್ತು ಮತ್ತು ಹೆಸರು ಬರೆಯದೆ ಕೈ ಮುಂದಕ್ಕೆ ಸಾಗುವುದಿಲ್ಲ.

ಸುಧಾ ಗಂಡನ ಜೊತೆ ಎರಡು ದಿನದ ಮಟ್ಟಿಗೆ ಸ್ಕಾಟ್ಲೆಂಡಿನ ಎಡಿನ್‌ಬರ್ಗಿಗೆ ಹೊರಟಿದ್ದಾಳೆ. ಆತನಿಗೆ ಅಲ್ಲಿ ಮಣ್ಣಿನ ಬಗ್ಗೆ ಏನೋ ಸಭೆಯಂತೆ. ಈ ಓಣಿಯಲ್ಲಿ ಆ ಊರು ಕಂಡು ಬಂದವರು ನಮ್ಮ ಮನೆಯ ಅಕ್ಕತಂಗಿಯರಿಬ್ಬರೇ. ಹಾಗಾಗಿ ಕೋಟು ಕೇಳಲು ಬಂದಿದ್ದಳು, ಜೊತೆಗೆ ಒಂದು ಪ್ರಶ್ನೆಯನ್ನೂ ತಂದಿದ್ದಳು: "ಎರಡ ದಿನದಾಗ ಏನೇನ್ ನೋಡಬೇಕ್ರಿ ಸಿಸ್ಟರ್? ನೀವಾದ್ರ ಟೈಮ್ ಹಚ್ಚಿ ಹೇಳ್ತೀರಿ."

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೋಟಿನ ವಾಸನೆ ಮೂಗಿಗೆ ಬಂತು. ನುಸಿಗುಳಿಗೆಯ ಘಾಟಿನ ಕೆಳಗೆ ಇನ್ನೊಂದು ವಾಸನೆ ಅಡಗಿತ್ತು, ಒದ್ದೆ ಕಲ್ಲಿನದು, ಮಂಜಿನಲ್ಲಿ ನೆಂದ ಉಣ್ಣೆಯದು. ನಮ್ಮ ಕುರಿಗಾರರ ಕಂಬಳಿಯೂ ಮಳೆಯಲ್ಲಿ ನೆಂದರೆ ಹೀಗೇ ಇರುತ್ತದೆ. ಸುಧಾ ಕಾಯುತ್ತಿದ್ದಳು. ನಾನು ಪಡಸಾಲೆಯಲ್ಲಿರಲಿಲ್ಲ.

ನಾವು ಹೋದದ್ದು ಅಣ್ಣನ ಮಗಳು ವಿದ್ಯಾಳ ಘಟಿಕೋತ್ಸವಕ್ಕೆ. ನಾವು ಎಂದರೆ ನಾನು ಮತ್ತು ಅಕ್ಕ. ಸಮಾರಂಭ ಮುಗಿದ ಮೇಲೆ ಮೂರು ದಿನ ಕೈಯಲ್ಲಿತ್ತು. ಮೂರಕ್ಕೂ ನಾನು ಶಹಾಪುರದಲ್ಲೇ ವೇಳೆ ಗೊತ್ತುಮಾಡಿಟ್ಟಿದ್ದೆ. ಮೊದಲ ದಿನ ಕೋಟೆ, ಕೋಟೆಯಿಂದ ಅರಮನೆಯವರೆಗೆ ಇಳಿಯುವ ಕಲ್ಲುಹಾಸಿನ ಬೀದಿ, ಆ ಬೀದಿಯ ಎರಡೂ ಬದಿಗೆ ತಟ್ಟನೆ ಕತ್ತಲೆಗೆ ಜಾರುವ ಸಂದಿಗಳು. ಕೋಟೆಯಲ್ಲಿ ಮಧ್ಯಾಹ್ನ ಒಂದಕ್ಕೆ ತೋಪು ಹಾರಿಸಿದರು. ಜನ ಬೆಚ್ಚಿಬಿದ್ದು ನಕ್ಕರು. ನಾನು ಗಡಿಯಾರ ಸರಿಮಾಡಿಕೊಂಡೆ. ಹೊತ್ತು ತಿಳಿಸಲು ತೋಪು ಹಾರಿಸುವ ಊರು! ನಾನು ಹುಟ್ಟಬೇಕಾದದ್ದು ಇಲ್ಲಿಯೇ ಅನ್ನಿಸಿತು. ಅಕ್ಕ ಮಾತ್ರ ತೋಪಿಗೆ ಬೆನ್ನು ಮಾಡಿ ನಿಂತಿದ್ದಳು. ಮನೆಗಳ ಸೂರಿನಾಚೆ ಎದ್ದ ಬೆಟ್ಟವನ್ನು ನೋಡುತ್ತಿದ್ದಳು.

ಅಕ್ಕನ ಹೆಸರು ನೀಲಮ್ಮ. ಗಂಡ ತೀರಿಕೊಂಡ ಮೇಲೆ ಅವಳನ್ನು ರಂಗಂಪೇಟೆಯಿಂದ ನಾನೇ ಕರೆತಂದೆ. ಅಂದಿನಿಂದ ಅವಳ ಚಹಾದ ಹೊತ್ತು, ಕನ್ನಡಕದ ನಂಬರು, ಹಬ್ಬದ ಸೀರೆಯ ಬಣ್ಣ ಎಲ್ಲ ನನ್ನ ವಶ. ಯಾದಗಿರಿಗೆ ಹೋಗುವುದಿದ್ದರೂ ಅವಳನ್ನು ಕಿಟಕಿಯ ಪಕ್ಕ ಕೂರಿಸಿ ಟಿಕೆಟ್ ನಾನೇ ತೆಗೆಸುತ್ತಿದ್ದೆ. ಅವಳು ಎಂದೂ ಬೇಡ ಎನ್ನಲಿಲ್ಲ. ಬೇಕು ಎಂದೂ ಹೇಳಲಿಲ್ಲ. ಸುಖವಾಗಿದ್ದಾಳೆ ಎಂದೇ ನಾನು ತಿಳಿದಿದ್ದೆ.

ಎರಡನೇ ದಿನ ಬೆಳಿಗ್ಗೆ, ವಸ್ತುಸಂಗ್ರಹಾಲಯಕ್ಕೆ ಹೊರಟು ನಿಂತಾಗ, ಅಕ್ಕ ಬೂಟಿನಲ್ಲಿ ಕಾಲು ತೂರಿಸುತ್ತ ಹೇಳಿದಳು: "ನೀವಿಬ್ಬರೂ ಹೋಗ್ರಿ. ನಾ ಒಬ್ಬಾಕೀನ ಹೋಗಿ ಆ ಬೆಟ್ಟ ಎಲ್ಲಿಂದ ಮಲಗ್ಯಾದ ನೋಡ್ಕೊಂಡ ಬರ್ತೀನಿ."

ಬೇರೆ ಊರಿನವರಿಗೆ ಈ ಮಾತು ವಿಚಿತ್ರ ಅನಿಸೀತು. ನಮ್ಮ ಶಹಾಪುರದ ಗುಡ್ಡಗಳು ಹತ್ತಿರದಿಂದ ಬರೀ ಬಂಡೆ. ರಸ್ತೆಯ ಒಂದು ಕಡೆ ನಿಂತರೆ ಮಾತ್ರ ಹಣೆ, ಮೂಗು, ಎದೆ ಎಲ್ಲ ಕೂಡಿಕೊಂಡು ಬುದ್ಧ ಅಂಗಾತ ಮಲಗಿರುತ್ತಾನೆ. ಬಂದ ನೆಂಟರು "ಎಲ್ಲಿ, ಎಲ್ಲಿ?" ಎಂದರೆ ನಾವು ಬಾಯಿಂದ ಹೇಳುವುದಿಲ್ಲ, ಭುಜ ಹಿಡಿದು ತಿರುಗಿಸುತ್ತೇವೆ. ಹೀಗೆ ಬೆಳೆದವರಿಗೆ, ಲೋಕದ ಪ್ರತಿ ಬೆಟ್ಟವೂ ಎಲ್ಲೋ ಒಂದು ಕಡೆಯಿಂದ ಮಲಗಿಯೇ ಇರಬೇಕು ಅನ್ನಿಸುತ್ತದೆ.

"ದೊಡ್ಡತ್ತಿ, ಹತ್ತೇ ಬಿಡೂಣು ನಡಿ. ಇಲ್ಲಿ ಎಲ್ಲಾರೂ ಹತ್ತತಾರ," ಎಂದಳು ವಿದ್ಯಾ.

"ಹೆಗಲ ಮ್ಯಾಲ ಹತ್ತಿ ಕುಂತ್ರ ಮಾರಿ ಕಾಣತದೇನ, ಹುಚ್ಚಿ?"

ನಾನು ಕೊನೆಯ ಅಸ್ತ್ರ ತೆಗೆದೆ. "ಅಕ್ಕಾ, ನಿನಗ ಇಂಗ್ಲಿಷ್ ಬರಂಗಿಲ್ಲ."

"ಬೆಟ್ಟಕ್ಕೂ ಬರಂಗಿಲ್ಲ ಬಿಡು."

ವಿದ್ಯಾ ನಕ್ಕಳು. ನನಗೆ ನಗು ಬರಲಿಲ್ಲ. ಭಾಷೆ ಗೊತ್ತಿಲ್ಲದ ಊರಲ್ಲಿ ಅವಳು ದಾರಿ ತಪ್ಪಿದರೆ? ಎಲ್ಲಾದರೂ ಬಿದ್ದರೆ? ಆದರೆ ಅವಳ ಮುಖ ನೋಡಿದಾಗ ಇನ್ನೊಂದು ಹೆದರಿಕೆ ಅದಕ್ಕಿಂತ ದೊಡ್ಡದಾಯಿತು. ಬೇಡ ಎಂದಿದ್ದರೆ ಅಕ್ಕ ಹಟ ಮಾಡುತ್ತಿರಲಿಲ್ಲ. ಸುಮ್ಮನೆ ನಮ್ಮ ಹಿಂದೆ ಬರುತ್ತಿದ್ದಳು. ಆಮೇಲೆ ಯಾವತ್ತೂ ಏನನ್ನೂ ಕೇಳುತ್ತಿರಲಿಲ್ಲ. "ಹೋಗಿ ಬಾ," ಎಂದೆ.

ವಿದ್ಯಾ ಮನೆಯ ವಿಳಾಸ ಬರೆದ ಚೀಟಿಯನ್ನೂ ಒಂದು ಫೋನನ್ನೂ ಕೊಟ್ಟು, ದಿನವಿಡೀ ಓಡಾಡುವ ಟಿಕೆಟ್ ಕೊಡಿಸಿ ಬಸ್ಸು ಹತ್ತಿಸಿದಳು. ಅಲ್ಲಿನ ಬಸ್ಸುಗಳಿಗೆ ಮಹಡಿ ಇರುತ್ತದೆ. ಕಂಬಿ ಹಿಡಿದು ಅಕ್ಕ ಮೇಲೆ ಹೋದಳು. ಮುಂದಿನ ದೊಡ್ಡ ಗಾಜಿನ ಹಿಂದೆ ಅವಳ ಹಸಿರು ಸೀರೆ ಕಂಡಿತು. ಅವಳು ನಮ್ಮ ಕಡೆ ತಿರುಗಿ ನೋಡಲೇ ಇಲ್ಲ.

ವಸ್ತುಸಂಗ್ರಹಾಲಯದಲ್ಲಿ ಏನು ನೋಡಿದೆ ಎಂದು ದಯವಿಟ್ಟು ಕೇಳಬೇಡಿ. ಗಡಿಯಾರ ನೋಡಿದೆ. ಫೋನ್ ಮಾಡಿದರೆ ಅವಳು ಎತ್ತಲಿಲ್ಲ.

ಆ ದೇಶದ ಬೇಸಗೆಯ ಸಂಜೆ ಮುಗಿಯುವುದೇ ಇಲ್ಲ. ಊಟದ ಹೊತ್ತು ಮೀರಿದರೂ ಬಿಸಿಲು ಕಲ್ಲಿನ ಗೋಡೆಗಳ ಮೇಲೆ ಹಾಲಿನ ಕೆನೆಯ ಹಾಗೆ ಕಟ್ಟಿಕೊಂಡಿರುತ್ತದೆ. ಬೀದಿ ನಿದ್ದೆಗಣ್ಣಿನಲ್ಲಿ ನಡೆಯುವಂತೆ ಕಾಣುತ್ತದೆ. ನಾನು ವಿದ್ಯಾಳ ಜೊತೆ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಗಡಿಯಾರ ರಾತ್ರಿ ಎನ್ನುತ್ತಿತ್ತು, ಆಕಾಶ ಮಧ್ಯಾಹ್ನ ಎನ್ನುತ್ತಿತ್ತು. ಜೀವನದಲ್ಲಿ ಮೊದಲ ಸಲ ಯಾವುದನ್ನು ನಂಬಬೇಕೋ ತಿಳಿಯದೆ ಕೈಗಡಿಯಾರವನ್ನು ಕೋಟಿನ ತೋಳಿನೊಳಗೆ ಸರಿಸಿದೆ. ಎಷ್ಟು ಬಸ್ಸು ಹೋದವೋ. ಒಂದರಿಂದ ಅಕ್ಕ ಇಳಿದಳು. ಸೀರೆಯ ಅಂಚಿಗೆ ಮರಳು ಮೆತ್ತಿತ್ತು.

"ಸಿಕ್ತು," ಎಂದಳು. "ಸಮುದ್ರದ ದಂಡಿಗೆ ಹೋಗಿ ಹೊಳ್ಳಿ ನಿಂತ್ರ ಕಾಣತದ. ಎತ್ತು ಅದು. ಕಾಲು ಮಡಚಿ ಮಲಗ್ಯಾದ. ಮೆಲುಕು ಹಾಕಾಕತ್ತದ."

"ಇಲ್ಲಿ ಮಂದಿ ಸಿಂಹ ಅಂತಾರ, ದೊಡ್ಡತ್ತಿ."

"ಪಾಪ, ಅವರು ಎತ್ತು ಮಲಗಿದ್ದು ನೋಡಿರಲಿಕ್ಕಿಲ್ಲ."

"ಫೋನ್ ಯಾಕ ಎತ್ತಲಿಲ್ಲ?" ನನ್ನ ದನಿ ವಾರ್ಡಿನಲ್ಲಿ ಬಳಸುವ ದನಿಯೇ ಆಗಿತ್ತು.

"ಬಡಕೊಂಡಿದ್ದು ಕೇಳಿಸ್ತು, ತಂಗಿ. ನೋಡಾಕತ್ತಿದ್ದೆ."

ಮೂರನೇ ದಿನಕ್ಕೆ ನಾನು ಗೊತ್ತುಮಾಡಿದ್ದ ಉದ್ಯಾನ ಹಾಗೇ ಉಳಿಯಿತು. ಅಕ್ಕ ನಮ್ಮನ್ನು ಬಸ್ಸಿಗೆ ಹತ್ತಿಸಿದಳು. ಎಲ್ಲಿ ಇಳಿಯಬೇಕು ಎಂದು ಹೇಳಿದಳು. ಗಾಳಿ ಹೊಡೆಯುವ ದಂಡೆಯಲ್ಲಿ ನನ್ನ ಭುಜ ಹಿಡಿದು ತಿರುಗಿಸಿದಳು. ಹೌದು, ಎತ್ತೇ. ದೊಡ್ಡ, ಬೂದುಬಣ್ಣದ, ಯಾವ ಅವಸರವೂ ಇಲ್ಲದ ಎತ್ತು.

"ಸಿಸ್ಟರ್? ನಿದ್ದಿ ಹತ್ತಿತೇನ್ರಿ?" ಸುಧಾ ಕೇಳಿದಳು. ಅವಳಿಗೆ ಹೇಳಿದೆ: ಮೊದಲ ದಿನ ಕೋಟೆ ನೋಡು, ಒಂದು ಗಂಟೆಯ ತೋಪು ತಪ್ಪಿಸಬೇಡ, ಕಲ್ಲುಬೀದಿಯನ್ನು ಮೇಲಿನಿಂದ ಕೆಳಗೆ ನಡೆ, ಮೊಣಕಾಲು ಉಳಿಯುತ್ತದೆ. ಎರಡನೇ ದಿನ ಮಹಡಿ ಬಸ್ಸಿನ ಮುಂದಿನ ಸೀಟು ಹಿಡಿ.

"ಎಲ್ಲಿ ಇಳೀಬೇಕ್ರಿ?"

"ಇಳೀಬೇಕನ್ನಿಸಿದಲ್ಲಿ ಇಳಿಯವ್ವಾ."

ನನ್ನ ಬಾಯಿಂದ ಇಂಥ ಮಾತು ಕೇಳಿ ಸುಧಾ ಗಾಬರಿಯಾಗಿ ಮನೆಗೆ ಹೋದಳು.

ಆ ಪ್ರವಾಸದ ನಂತರ ಅಕ್ಕ ಮನೆಯಲ್ಲಿ ನಿಂತವಳಲ್ಲ. ಗೋಗಿಗೆ ಹೋಗುತ್ತಾಳೆ, ಸುರಪುರಕ್ಕೆ ಹೋಗುತ್ತಾಳೆ. ಮೊದಮೊದಲು ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಕಾಯುತ್ತಿದ್ದೆ. ಆಮೇಲೆ ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲಿ ಕೂರುತ್ತಿದ್ದೆ. ಇಂದು ಅವಳು ನಾರಾಯಣಪುರಕ್ಕೆ ಹೋಗಿದ್ದಳು, ನೀರಾವರಿ ಕ್ವಾರ್ಟರ್ಸಿನ ಗೆಳತಿಯ ಮನೆಗೆ. ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು.

"ಡ್ಯಾಮಿನ ಗೇಟ್ ಎತ್ಯಾರ. ನೀರು ನೋಡಾಕತ್ತೀವಿ. ಇವತ್ತ ಬರಂಗಿಲ್ಲ."

"ಗುಳಿಗಿ?"

"ತಂದೀನಿ."

"ಶಾಲು?"

"ತಂಗಿ, ನೀರು ನೋಡಲೋ, ನಿನ್ನ ಜೋಡಿ ಮಾತಾಡಲೋ?"

"ನೀರು ನೋಡು," ಎಂದೆ.

ಇಬ್ಬರಿಗೆಂದು ನಾದಿದ್ದ ಹಿಟ್ಟಿನಲ್ಲಿ ನನ್ನಷ್ಟಕ್ಕೆ ರೊಟ್ಟಿ ಬಡಿದೆ. ಉಂಡೆ. ತಾಟು ತೊಳೆದು ಬೋರಲು ಹಾಕಿದೆ. ಹೊರಗಿನ ದೀಪ ಆರಿಸಿ, ಬಾಗಿಲು ಮುಚ್ಚಿ, ಚಿಲಕ ಹಾಕಿದೆ.