ಮೇಡಂ ಮನೆಯಲ್ಲಿಲ್ಲ ಎಂದಿದ್ದೆ

ಕಳೆದ ವರ್ಷ ತುಳಸಿ ಮದುವೆ ಕಳೆದು ನಾಲ್ಕೈದು ದಿನವಾಗಿತ್ತು. ಅಂದು ಬೆಳಿಗ್ಗೆ ಕುಮಟಾದ ನಮ್ಮ ಮನೆಯ ಗೇಟಿನ ಮುಂದೆ ನಿಂತು ನಾನೊಂದು ಸುಳ್ಳು ಹೇಳಿದೆ. ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ನಾನು ಹೊನ್ನಾವರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿ. ಮಗಳು ಹುಟ್ಟಿದ ಮೇಲೆ ಹೆರಿಗೆ ರಜೆ, ಅದರ ಬೆನ್ನಿಗೆ ಸಂಬಳವಿಲ್ಲದ ರಜೆ ಎಂದು ಹತ್ತು ತಿಂಗಳು ಮನೆಯಲ್ಲೇ ಇದ್ದೆ. ಡಿಸೆಂಬರಿನ ಮೊದಲ ಸೋಮವಾರ ಮತ್ತೆ ಕೆಲಸಕ್ಕೆ ಹಾಜರಾಗಬೇಕಿತ್ತು. ಆ ಹತ್ತು ತಿಂಗಳೂ ನನ್ನ ಮೈಮೇಲಿದ್ದದ್ದು ನೈಟಿ. ಹೊರಗೆ ಹೋಗುವುದಾದರೆ ಅದರ ಮೇಲೊಂದು ಟವೆಲ್ ಹೊದ್ದರಾಯಿತು. ನಮ್ಮ ಕಡೆ ಹೆಂಗಸರಿಗೆ ಇದೇ ಪೂರ್ತಿ ಪೋಷಾಕು. ಅಂಗಡಿಗೆ, ನೆರೆಮನೆಗೆ, ಮೀನಿನವಳ ಹತ್ತಿರ, ಎಲ್ಲ ಕಡೆಗೂ ನಡೆಯುತ್ತದೆ.

ಅಂದು ಅಘನಾಶಿನಿಯಿಂದ ಬಳಚು ಎಂಬ ಚಿಪ್ಪುಮೀನು ಮಾರಲು ಬರುವವಳ ಕೂಗು ಕೇಳಿ, ಮಗುವನ್ನು ಅತ್ತೆಯ ಕೈಗೆ ಕೊಟ್ಟು ಪಾತ್ರೆ ಹಿಡಿದು ಓಡಿದ್ದೆ. ಬಿಸಿಲಿಗೆ ಟವೆಲ್ ತಲೆಯ ಮೇಲಿತ್ತು. ಕೂದಲು ಉದುರಿ ಉದುರಿ ಉಳಿದದ್ದನ್ನು ಗಂಟು ಹಾಕಿದ್ದೆ. ಕಂದು ಬಣ್ಣದ ನೈಟಿಯ ಹೆಗಲಿನ ಮೇಲೆ ಮಗು ಕಕ್ಕಿದ ಹಾಲು ಒಣಗಿತ್ತು. ಬಳಚು ತೆಗೆದುಕೊಂಡು ತಿರುಗುವಷ್ಟರಲ್ಲಿ ಸ್ಕೂಟರ್ ಬಂದು ನಿಂತಿತು. ಹೆಲ್ಮೆಟ್ ಮೇಲೆತ್ತಿದ ಹುಡುಗಿಯನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ನಮಿತಾ! ಎರಡು ವರ್ಷದ ಹಿಂದೆ ಡಿಗ್ರಿ ಮುಗಿಸಿ ಹೋದವಳು. ಮೂರು ವರ್ಷ ಮಧ್ಯಾಹ್ನದ ಊಟದ ಹೊತ್ತನ್ನೆಲ್ಲ ನನ್ನ ಟೇಬಲ್ಲಿನ ಎದುರಲ್ಲೇ ಕಳೆದವಳು.

"ಅಮ್ಮಾ, ಇಲ್ಲಿ ಕಾಲೇಜಿನ ಲೈಬ್ರರಿ ಮೇಡಂ ಮನೆ ಯಾವ್ದು?" ಎಂದು ಅವಳು ನನ್ನನ್ನೇ ಕೇಳಿದಳು.

ನನ್ನ ಮುಖವನ್ನೇ ನೋಡಿ ಕೇಳಿದಳು. ನಾನು ನಕ್ಕು "ಎಂತ ಹುಡುಗಿ, ಕಣ್ಣಿಗೆ ಎಂತ ಆತು ನಿಂಗೆ?" ಎನ್ನಬಹುದಿತ್ತು. ಅದರ ಬದಲು ಬಾಯಿಂದ ಬಂದದ್ದು, "ಅವರು ಮನೇಲಿಲ್ಲ."

"ಅಯ್ಯೋ, ಊರಿಗೆ ಹೋದ್ರಾ?"

"ಹೌದು."

ಅವಳು ಚೀಲದಿಂದ ಮದುವೆ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. "ನಂಗೆ ಇನ್ನೂ ಸುಮಾರು ಮನೆ ಅದೆ ಅಮ್ಮಾ. ಇದೊಂದು ಅವರಿಗೆ ಮುಟ್ಟಿಸಿ. ಬರ್ಲೇಬೇಕು ಹೇಳಿ. ರಿಸೆಪ್ಷನ್ ಲೆಹೆಂಗಾಕ್ಕೂ ಜೇಬು ಹೊಲ್ಸಿದ್ದೆ ಹೇಳಿ, ಅವರಿಗೆ ಗೊತ್ತಾಗ್ತದೆ."

ಸ್ಕೂಟರ್ ಹೋಯಿತು. ಕವರಿನ ಮೇಲೆ ದುಂಡಗಿನ ಅಕ್ಷರದಲ್ಲಿ 'ಪ್ರೀತಿಯ ಜೇಬು ಮೇಡಂಗೆ' ಎಂದು ಬರೆದಿತ್ತು. ಬಳಚಿನ ನೀರು ಪಾತ್ರೆಯಿಂದ ಚೆಲ್ಲಿ ಕಾಲಿನ ಮೇಲೆ ಸುರಿಯುತ್ತಿದ್ದದ್ದು ಆಮೇಲೆ ಗೊತ್ತಾಯಿತು.

ಜೇಬು ಮೇಡಂ ಎನ್ನುವುದು ಕಾಲೇಜಿನಲ್ಲಿ ನನಗಿದ್ದ ಅಡ್ಡಹೆಸರು. ನಾನು ಸಿದ್ಧ ಉಡುಪು ಕೊಳ್ಳುತ್ತಿರಲಿಲ್ಲ. ಚೌಕುಳಿಯ ಹತ್ತಿ ಬಟ್ಟೆ ತಂದು, ಮೈಗೊಂದು ಬಣ್ಣ, ತೋಳಿಗೊಂದು ಬಣ್ಣ ಕೊಡಿಸಿ, ಬಲಕ್ಕೆ ದೊಡ್ಡ ಜೇಬಿರುವ ಉದ್ದ ಕುರ್ತಾ ಹೊಲಿಸುತ್ತಿದ್ದೆ. ಬೀರುವಿನ ಕೀಲಿ, ಪೆನ್ಸಿಲ್, ಮೊಬೈಲ್, ಒಮ್ಮೊಮ್ಮೆ ಎರಡು ಪೇರಲ ಹಣ್ಣು, ಎಲ್ಲವೂ ಅದರೊಳಗೆ. "ಜೇಬಿಲ್ಲದ ಬಟ್ಟೆ ಹೊಲಿಸ್ಬೇಡ್ರೇ, ಕೈ ಎರಡೂ ಖಾಲಿ ಇರ್ಬೇಕು" ಎಂದು ಹುಡುಗಿಯರಿಗೆ ಉಪದೇಶ ಮಾಡುತ್ತಿದ್ದವಳೂ ನಾನೇ.

ಅಂದು ಮಧ್ಯಾಹ್ನ ಮಗು ಮಲಗಿದ್ದೇ ತಡ, ಕಪಾಟು ತೆಗೆದು ಕುರ್ತಾಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದೆ. ಹದಿಮೂರು ಇದ್ದವು. ಒಂದೂ ಎದೆ ದಾಟಲಿಲ್ಲ. ಒಂದು ಕುತ್ತಿಗೆಯ ಹತ್ತಿರವೇ ಸಿಕ್ಕಿಕೊಂಡು, ತೆಗೆಯಲೂ ಆಗದೆ ಹಾಕಲೂ ಆಗದೆ, ಕೈ ಮೇಲೆತ್ತಿಕೊಂಡೇ ಕೋಣೆಯಲ್ಲಿ ಸುತ್ತು ಹಾಕಿದೆ. ಅಷ್ಟರಲ್ಲಿ ಮಗು ಎದ್ದು ಅಳತೊಡಗಿತು. ನಾನೂ ಅತ್ತುಬಿಟ್ಟೆ.

ಮುಂದಿನ ಒಂದು ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮದುವೆ ಭಾನುವಾರ, ಮುರ್ಡೇಶ್ವರದಲ್ಲಿ. ಮರುದಿನವೇ ಕೆಲಸಕ್ಕೆ ಹಾಜರು. ನಮಿತಾಳ ಎದುರು ಹೋಗಿ ನಿಲ್ಲುವುದು ಹೇಗೆ? ಹೋಗದೆ ಇದ್ದರೆ ಅವಳು 'ಕಾಗದ ಮುಟ್ಟಲಿಲ್ಲ' ಎಂದುಕೊಳ್ಳುತ್ತಾಳೆ, ಬಚಾವಾಗಬಹುದು ಎಂದೂ ಒಂದು ಗಳಿಗೆ ಅನ್ನಿಸಿತು. ಮರುಗಳಿಗೆ ಹಾಗೆ ಅನ್ನಿಸಿದ್ದಕ್ಕೇ ಸಿಟ್ಟು ಬಂತು.

ಮೊಬೈಲಿನಲ್ಲಿ ಹಾಲೂಡಿಸುವ ತಾಯಂದಿರ ಕುರ್ತಾ ಎಂದು ಒಂದನ್ನು ತರಿಸಿದೆ. ಮೈತುಂಬ ಸಣ್ಣ ಸಣ್ಣ ಕರಡಿ ಮರಿಗಳು! ಮಗು ನಾನೋ ಅವಳೋ ಎಂದು ಕೇಳುವ ಹಾಗಿತ್ತು, ವಾಪಸು ಕಳಿಸಿದೆ. ಪೇಟೆಯ ಅಂಗಡಿಗೆ ಹೋದೆ. ಸೇಲ್ಸ್‌ಮನ್ ನನ್ನ ಸೊಂಟದ ಮೇಲಿದ್ದ ಮಗುವನ್ನು ನೋಡಿ ಕಾಫಿಪುಡಿ ಬಣ್ಣದ್ದು, ಬೂದಿ ಬಣ್ಣದ್ದು ತೆಗೆದು ಹರಡಿದ. "ಇದು ಚಲೋ ಅಕ್ಕಾ, ಕೊಳೆ ಕಾಣೂದಿಲ್ಲ" ಎಂದ. ಮನೆಯಲ್ಲಿ ಅತ್ತೆ ನನ್ನ ನೈಟಿಗಳನ್ನೂ ಅದೇ ಲೆಕ್ಕದಲ್ಲಿ ಆರಿಸಿ ತಂದಿದ್ದರು. ಹತ್ತು ತಿಂಗಳಿಂದ ನನ್ನ ಬಟ್ಟೆಯ ಬಣ್ಣವನ್ನು ಕೊಳೆ ಆರಿಸುತ್ತಿತ್ತು ಎಂದು ಅಲ್ಲೇ ತಲೆಗೆ ಹೊಳೆಯಿತು. ಏನೂ ಕೊಳ್ಳದೆ ಹೊರಗೆ ಬಂದೆ.

"ಮಗು ಸಣ್ಣದಿರುವಾಗ ಎಂತಕ್ಕೆ ಇಷ್ಟೆಲ್ಲ ಶೋಕಿ? ನನ್ನ ರೇಷ್ಮೆ ಸೀರೆ ಅದೆ, ಉಟ್ಕೊಂಡು ಹೋಗು" ಎಂದರು ಅತ್ತೆ. ಅವರು ಕೆಟ್ಟವರಲ್ಲ. ಮಗುವನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೂ ಉತ್ತರ ಕೊಡಲು ಹೋಗಿ ನಾನು ಏನೇನೋ ಮಾತಾಡಿದೆ. "ಬಟ್ಟೆ ಮೇಲೆ ಯಾರಾದ್ರೂ ಜಗಳ ಮಾಡ್ತಾರಾ?" ಎಂದು ಅವರು ಬೆರಗಾಗಿ ಒಳಗೆ ಹೋದರು. ಜಗಳ ಬಟ್ಟೆಯದ್ದಲ್ಲ ಎಂದು ಹೇಳಲು ನನಗೂ ಬರಲಿಲ್ಲ.

ಗುರುವಾರ ಮಗುವನ್ನೆತ್ತಿಕೊಂಡು ಬೆಳಕೆ ಊರಿನಲ್ಲಿರುವ ತವರಿಗೆ ಹೋದೆ. ಅಮ್ಮನ ಹತ್ತಿರ ಮಗುವನ್ನು ಬಿಟ್ಟು ಭಟ್ಕಳದ ಬಸ್ಸು ಹತ್ತಿದೆ. ಕಾಲೇಜಿಗೆ ಹೋಗುವ ಕಾಲದಿಂದಲೂ ನನ್ನ ಬಟ್ಟೆ ಹೊಲಿಯುವವರು ಜುಲೇಖಾ ಆಪಾ. ಮನೆಯಲ್ಲೇ ಕಿಟಕಿಯ ಹತ್ತಿರ ಮಷೀನ್ ಇಟ್ಟುಕೊಂಡಿದ್ದಾರೆ. ಮನೆಯವರ ಜೊತೆ ನವಾಯತಿ, ನಮ್ಮ ಜೊತೆ ಕನ್ನಡ, ನೂಲು ತುಂಡಾದರೆ ಉರ್ದು.

"ಅರೆ, ಬಂದ್ಯಾ? ನಿಂದೊಂದು ಬಟ್ಟೆ ನನ್ನತ್ರ ಬಿದ್ದದೆ, ಮರ್ತೇ ಹೋತಾ?" ಎಂದು ಅವರು ಕಪಾಟಿನ ಮೇಲಿನಿಂದ ಒಂದು ಗಂಟು ಇಳಿಸಿದರು.

ನಿಜವಾಗಿ ಮರೆತೇ ಹೋಗಿತ್ತು. ಸಾಸಿವೆ ಹಳದಿಯ ಮೇಲೆ ಸಣ್ಣ ಚೌಕುಳಿ. ಕೊಟ್ಟ ವಾರದಲ್ಲೇ ನನಗೆ ವಾಂತಿ ಶುರುವಾಗಿತ್ತು. ಕುತ್ತಿಗೆ ಹೇಗಿರಬೇಕು ಎಂದು ಬಂದು ಹೇಳುತ್ತೇನೆ ಎಂದವಳು ಹೋಗಲೇ ಇಲ್ಲ. ಅವರು ಹಳೆಯ ಅಳತೆಗೆ ಕತ್ತರಿಸಿ, ಹೊಲಿಯದೆ, ನನ್ನ ಹೆಸರಿನ ಚೀಟಿ ಚುಚ್ಚಿ ಹಾಗೇ ಇಟ್ಟಿದ್ದರು. ಒಂದೂವರೆ ವರ್ಷ!

"ಇದು ಈಗ ನನಗೆಲ್ಲಿ ಆಗ್ತದೆ ಆಪಾ?"

ಅವರು ಟೇಪು ತೆಗೆದು ಅಳತೆ ತೆಗೆದರು. ಎಷ್ಟು ಹೆಚ್ಚಾಗಿದೆ ಎಂದು ಹೇಳಲಿಲ್ಲ, ಅಯ್ಯೋ ಎನ್ನಲಿಲ್ಲ. ಪುಸ್ತಕದಲ್ಲಿ ನನ್ನ ಹಳೆಯ ಅಳತೆಯ ಪಕ್ಕದಲ್ಲೇ ಹೊಸದನ್ನು ಬರೆದುಕೊಂಡರು. ಆಮೇಲೆ, "ಎರಡೂ ಬದಿಗೆ ನಾಲ್ಕು ನಾಲ್ಕು ಬೆರಳು ಪಟ್ಟಿ ಕೊಡ್ಬೇಕು. ಇದೇ ಬಟ್ಟೆ ಉಳಿದಿಲ್ಲ. ಬೇರೆ ಹಾಕುವಾ" ಎಂದರು.

"ಪಟ್ಟಿ ಕಾಣದ ಹಾಗೆ ಆಗ್ತದಾ?"

"ಕಾಣದ ಹಾಗೆ ಆಗೂದಿಲ್ಲ. ಕಾಣೂದೇ ಆದ್ರೆ ಚಂದ ಕಾಣ್ಲಿ. ನಿಂಗೆ ಯಾವ ಬಣ್ಣ ಬೇಕು?" ಎಂದು ತುಂಡುಬಟ್ಟೆಯ ಮೂಟೆಯನ್ನು ನನ್ನ ಮುಂದೆ ಕೊಡವಿದರು.

ಸುಲಭದ ಪ್ರಶ್ನೆ. ಮಗುವಿಗೆ ರಾಗಿ ಸರಿ ಎಷ್ಟು ದಪ್ಪ ಇರಬೇಕು, ಯಾವ ಮಗ್ಗುಲಿಗೆ ಬೇಗ ನಿದ್ದೆ ಬರುತ್ತದೆ, ಎಲ್ಲ ಗೊತ್ತು. ನನಗೆ ಯಾವ ಬಣ್ಣ ಬೇಕು? ಮೊದಲು ಕೈ ಹೋದದ್ದು ಕಂದು ತುಂಡಿನ ಮೇಲೆ. ಅಲ್ಲಿಂದ ತೆಗೆದೆ. ಕೆಂಪು ಹಿಡಿದೆ, ಬಿಟ್ಟೆ. ಮತ್ತೆ ಮೂಟೆಯ ತಳಕ್ಕೆ ಕೈ ಹಾಕಿದೆ. ಅವರು ಅವಸರ ಮಾಡಲಿಲ್ಲ, ಇನ್ಯಾರದೋ ರವಿಕೆಗೆ ಹುಕ್ಕು ಹಚ್ಚುತ್ತಾ ಕೂತರು. ಕೊನೆಗೆ ಬಿಳಿ ಚುಕ್ಕೆಯ ಗಾಢ ನೀಲಿ ತುಂಡು ಸಿಕ್ಕಿತು. ಹಳದಿಯ ಪಕ್ಕ ಇಟ್ಟು ನೋಡಿದೆ. "ಇದೇ" ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

"ಹಾಲು ಕೊಡ್ಲಿಕ್ಕೆ ಪಟ್ಟಿಯ ಹೊಲಿಗೆ ಒಳಗೇ ಜಿಪ್ ಇಡ್ತೆ, ಯಾರಿಗೂ ಗೊತ್ತಾಗೂದಿಲ್ಲ. ಜೇಬು ಒಂದಾ?"

"ಎರಡು. ಒಂದು ಅವಳ ಸಾಮಾನಿಗೆ."

ಶನಿವಾರ ಕುರ್ತಾ ಕೈಗೆ ಬಂತು, ಅದನ್ನು ಹಿಡಿದು ಕುಮಟಾಕ್ಕೆ ವಾಪಸಾದೆ. ಭಾನುವಾರ ಬೆಳಿಗ್ಗೆ ಅದನ್ನು ಹಾಕಿಕೊಂಡು ಕೋಣೆಯಿಂದ ಹೊರಗೆ ಬಂದಾಗ ಅತ್ತೆ ಮೇಲಿಂದ ಕೆಳಗೆ ನೋಡಿ, "ಮದುವೆಗೆ ಹತ್ತಿ ಬಟ್ಟೆಯಾ?" ಎಂದರು. ಒಳಗೆ ಹೋಗಿ ಮಗುವಿನ ಟೋಪಿಯನ್ನು ತಂದು ನನ್ನ ಎಡ ಜೇಬಿಗೆ ತುರುಕಿದರು. "ಆತು, ಹೊರಡು. ಬಸ್ ತಪ್ತದೆ."

ಬಸ್ಸಿನಲ್ಲಿ ಹೊನ್ನಾವರ ದಾಟುವವರೆಗೂ ಇಳಿದು ವಾಪಸು ಹೋಗೋಣವೇ ಎಂದು ನಾಲ್ಕು ಸಲ ಯೋಚಿಸಿದೆ. ಮಂಟಪದಲ್ಲಿ ಎಲ್ಲರೂ ರೇಷ್ಮೆಯಲ್ಲಿ ಮಿಂಚುತ್ತಿದ್ದರು. ಮಗು ಹಸಿದು ರಂಪ ಮಾಡಿತು. ಮೂಲೆಯ ಕುರ್ಚಿಯಲ್ಲಿ ಕೂತು ಹಾಲು ಕೊಟ್ಟೆ. ಜಿಪ್ ಇರುವುದು ಪಕ್ಕದಲ್ಲಿದ್ದ ಅಜ್ಜಿಗೂ ಗೊತ್ತಾಗಲಿಲ್ಲ. ಆಮೇಲೆ ರಿಸೆಪ್ಷನ್ ಶುರುವಾದಾಗ ಕಾಣಿಕೆ ಕೊಡುವವರ ಸಾಲಿನಲ್ಲಿ ನಿಂತೆ. ಸಾಲು ಮುಂದೆ ಸರಿದಂತೆಲ್ಲ ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸುತ್ತಿದ್ದೆ. ಇವತ್ತೂ ಅವಳು 'ಯಾರಮ್ಮಾ' ಎಂದರೆ?

"ಜೇಬು ಮೇಡಂ!" ವೇದಿಕೆಯ ಮೇಲಿಂದಲೇ ನಮಿತಾ ಕೂಗಿದಳು. ಹತ್ತಿರ ಹೋದ ಕೂಡಲೇ ಲೆಹೆಂಗಾದ ಜೇಬಿಗೆ ಕೈ ಹಾಕಿ ಕರವಸ್ತ್ರ ತೆಗೆದು ತೋರಿಸಿದಳು. "ನೋಡಿ, ಫೋನೂ ಹಿಡೀತದೆ! ಕಾಗದ ಮುಟ್ಟಿತಲ್ಲ? ನಿಮ್ಮ ಮನೆ ಹತ್ರ ಒಬ್ರು ಅಮ್ಮ ಬಳಚು ಹಿಡ್ಕೊಂಡು ನಿಂತಿದ್ರು, ಅವರ ಹತ್ರ ಕೊಟ್ಟಿದ್ದೆ. ಪಾಪ, ಮರೀದೇ ಕೊಟ್ಟಿದ್ದಾರೆ. ಅವರಿಗೆ ಥ್ಯಾಂಕ್ಸ್ ಹೇಳಿ."

ಹೇಳುತ್ತೇನೆ ಎಂದು ನಕ್ಕಿದ್ದರೆ ಮುಗಿಯುತ್ತಿತ್ತು. ಹಿಂದೆ ಸಾಲು ಕಾಯುತ್ತಿತ್ತು, ಫೋಟೋದವನು ಇತ್ತ ನೋಡಿ ಎನ್ನುತ್ತಿದ್ದ. ನಾನು ಹಳದಿ ಕುರ್ತಾದಲ್ಲಿ ಚೆನ್ನಾಗಿ ಕಾಣುತ್ತಿದ್ದೇನೆ ಎಂದು ನನಗೂ ಗೊತ್ತಿತ್ತು. ಆದರೆ ಆ ಟವೆಲ್ ಹೊದ್ದವಳನ್ನು ಎರಡನೇ ಸಲ ಇಲ್ಲ ಎನ್ನಲು ಮನಸ್ಸು ಒಪ್ಪಲಿಲ್ಲ. ಹತ್ತು ತಿಂಗಳು ನಿದ್ದೆಗೆಟ್ಟು ಮಗುವನ್ನು ಸಾಕಿದ್ದು ಅವಳು.

"ಅದು ನಾನೇ, ನಮಿತಾ" ಎಂದೆ.

ಅವಳ ಬಾಯಿ ತೆರೆದದ್ದು ಹಾಗೇ ಉಳಿಯಿತು. "ಮತ್ತೆ... ಇಲ್ಲ ಅಂದ್ರಿ?"

"ಅವತ್ತು ನಾನಿಲ್ಲ ಅಂತಲೇ ನಂಗೆ ಅನ್ನಿಸಿತ್ತು."

ಮುಂದಿದ್ದ ಅತಿಥಿಗಳು, ಗಂಡ, ಫೋಟೋದವನು, ಯಾರನ್ನೂ ನೋಡದೆ ಅವಳು ನನ್ನನ್ನು ಮಗುವಿನ ಸಮೇತ ತಬ್ಬಿಕೊಂಡಳು. ಆ ಫೋಟೋವನ್ನು ಆಮೇಲೆ ಕಳಿಸಿದ್ದಾಳೆ. ನನ್ನ ಮೂಗು ಕೆಂಪಾಗಿದೆ. ಮಗಳು ತನ್ನ ಟೋಪಿ ಹುಡುಕುತ್ತಾ ನನ್ನ ಜೇಬಿಗೆ ಮೊಣಕೈವರೆಗೆ ಕೈ ಹಾಕಿದ್ದಾಳೆ.

ಮರುದಿನ ಅದೇ ಕುರ್ತಾದಲ್ಲಿ ಕೆಲಸಕ್ಕೆ ಹಾಜರಾದೆ. ಈಗ ನೀಲಿ ಪಟ್ಟಿಯ ಬಟ್ಟೆ ನನ್ನ ಹತ್ತಿರ ನಾಲ್ಕಿವೆ. ಹಳೆಯ ಕುರ್ತಾಗಳನ್ನೇ ಆಪಾ ಬಿಚ್ಚಿ ಹಿಗ್ಗಿಸಿ ಕೊಟ್ಟಿದ್ದಾರೆ. ಹಾಗೆಂದು ತಳಮಳವೆಲ್ಲ ಮುಗಿಯಿತು ಎಂದಲ್ಲ. ಕನ್ನಡಿಯ ಮುಂದೆ ಮುಖ ಸಿಂಡರಿಸುವ ದಿನಗಳು ಇನ್ನೂ ಇವೆ. ಭಾನುವಾರವಿಡೀ ನೈಟಿಯಲ್ಲೇ ಕಳೆಯುತ್ತೇನೆ, ಟವೆಲ್ ಹೊದ್ದು ಬಳಚಿಗೂ ಓಡುತ್ತೇನೆ.

ಕಳೆದ ವಾರ ಹಾಗೆಯೇ ಗೇಟಿನಲ್ಲಿ ನಿಂತಿದ್ದೆ. ಕಾಲೇಜಿನ ಹೊಸ ಹುಡುಗಿಯೊಬ್ಬಳು ಪುಸ್ತಕ ಹಿಂತಿರುಗಿಸಲು ಬಂದವಳು ನನ್ನನ್ನು ನೋಡಿ ಅನುಮಾನಿಸುತ್ತಾ, "ಅಮ್ಮಾ, ಲೈಬ್ರರಿ ಮೇಡಂ ಇದ್ದಾರಾ?" ಎಂದಳು.

ತಲೆಯ ಮೇಲಿನ ಟವೆಲನ್ನು ಹಿಂದಕ್ಕೆ ಸರಿಸಿ ಹೇಳಿದೆ, "ಇದ್ದಾರೆ. ನಾನೇ. ಒಳಗೆ ಬಾ."