ಹುಳದ ಮನೆಯ ಬಾಗಿಲಿಗೆ ಕಟ್ಟಿದ್ದ ಚಪ್ಪಲಿ

ಮೊನ್ನೆ ನಮ್ಮ ಮರಳೂರಿನ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಯಿತಲ್ಲ, ಅವತ್ತು ಬೋಧನೆಗೆ ಬಂದವರು ನನ್ನ ಕಡೆ ಕೈ ತೋರಿಸಿ, ಅಜ್ಜಿ ಸಾಕ್ಷಿ ಹೇಳಲಿ ಎಂದರು. ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳಿಗೆ ಕರ್ತನು ಕೊಟ್ಟ ಬಲವನ್ನೂ ಸಮಾಧಾನವನ್ನೂ ಎಲ್ಲರೂ ಕೇಳಬೇಕಂತೆ. ಕಾಫಿ ನೋಡಿಕೊಂಡು ಬರುತ್ತೇನೆಂದು ಅಡುಗೆಮನೆಗೆ ಹೋದ ನಾನು ಕೊನೆಯ ಆಮೆನ್ ಕೇಳಿಸುವವರೆಗೆ ಈಚೆಗೆ ಬರಲಿಲ್ಲ. ನೀವು ಮೊಮ್ಮಕ್ಕಳೆಲ್ಲ ನಕ್ಕಿರಿ. ನಗಿ. ಜನರ ಮುಂದೆ ಬಾಯಿ ಬಿಡುವುದು ನನಗೆ ಯಾವತ್ತೂ ಆಗಿಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಇನ್ನೂ ಕೈಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಬೋಧಕರಿಗೆ ಬೇಕಾಗಿದ್ದ ಸಾಕ್ಷಿ ಇದಲ್ಲ ಎಂಬುದು ನನಗೆ ಗೊತ್ತು. ಅವರಿಗೆ ಮಧ್ಯದಲ್ಲಿ ಕಣ್ಣೀರು ಬೇಕು, ಕೊನೆಯಲ್ಲಿ ಹಾಲೆಲೂಯ ಬೇಕು. ನನ್ನದರಲ್ಲಿ ಇರುವುದು ರೇಷ್ಮೆ ಹುಳ, ಒಂದು ಹರಿದ ಚಪ್ಪಲಿ ಮತ್ತು ನಿಮ್ಮ ದೊಡ್ಡ ತಾತ.

ನಾನು ಗುಬ್ಬಿ ಕಡೆಯವಳು. ಮದುವೆಯಾಗಿ ಬಂದದ್ದು ಹೆಬ್ಬೂರಿಗೂ ಕುಣಿಗಲ್ಲಿಗೂ ನಡುವಿನ ಒಂದು ಹಳ್ಳಿಗೆ. ಅಲ್ಲಿ ನಮ್ಮ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಭಾನುವಾರ ಬಸ್ಸು ಹಿಡಿದು ಕುಣಿಗಲ್ಲಿಗೆ ಆರಾಧನೆಗೆ ಹೋಗುತ್ತಿದ್ದೆವು. ನಿಮ್ಮ ತಾತನೂ ಅವರ ಅಣ್ಣನೂ, ಅಂದರೆ ನನ್ನ ಭಾವ, ನಿಮ್ಮ ದೊಡ್ಡ ತಾತ, ಅಕ್ಕಪಕ್ಕದ ಮನೆಯಲ್ಲಿದ್ದರು. ಹಿಪ್ಪುನೇರಳೆ ತೋಟ ಇಬ್ಬರದೂ ಒಂದೇ, ಹುಳದ ಮನೆಯೂ ಒಂದೇ. ಹುಳದ ಮನೆಯೆಂದರೆ ಭಾವನ ಹಿತ್ತಲಿನಲ್ಲಿದ್ದ ಮಣ್ಣುಗೋಡೆಯ ಉದ್ದನೆ ಕೋಣೆ. ಒಳಗೆ ಮೇಲಿಂದ ಕೆಳಗೆ ಬಿದಿರಿನ ತಟ್ಟೆಗಳು, ತಟ್ಟೆಯ ತುಂಬ ಹುಳ. ಸೊಪ್ಪು ಹಾಕಿದಾಗ ಅವು ಮೇಯುವ ಸದ್ದು ಹಂಚಿನ ಮೇಲೆ ಜಿನುಗು ಮಳೆ ಬಿದ್ದಂತೆ ಕೇಳುತ್ತಿತ್ತು. ನಡುನಡುವೆ ಮೇವು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ನಿಲ್ಲುತ್ತಿದ್ದವು. ಹುಳ ಪೊರೆ ಬಿಡುವ ಆ ಹೊತ್ತಿಗೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಿಮ್ಮ ಅಪ್ಪ ಆಗ ಚಿಕ್ಕವನು, ಹುಳ ಪ್ರಾರ್ಥನೆ ಮಾಡುತ್ತಿವೆ ಎನ್ನುತ್ತಿದ್ದ. ನಿಮ್ಮ ದೊಡ್ಡ ತಾತನೂ ಹಾಗೆಯೇ ಮುಖ ಮೇಲೆತ್ತಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಹುಳಗಳದು ಬೇಗ ಮುಗಿಯುತ್ತಿತ್ತು.

ಭಾವ ಸಭೆಯ ಹಿರಿಯರು. ವಿಗ್ರಹ, ಮಂತ್ರ, ತಾಯಿತ ಎಂದರೆ ಮೈಯೆಲ್ಲ ಉರಿದುಬೀಳುವವರು. ಆದರೆ ಅವರ ಹುಳದ ಮನೆಯ ಬಾಗಿಲಿನ ಮೇಲೆ ಒಂದು ಹಳೇ ಚಪ್ಪಲಿ ತಲೆಕೆಳಗಾಗಿ ತೂಗುತ್ತಿತ್ತು. ದೃಷ್ಟಿಯಾಗದಿರಲೆಂದು ಊರಿನವರೆಲ್ಲ ಕಟ್ಟುತ್ತಿದ್ದರು, ಇವರೂ ಕಟ್ಟಿದ್ದರು. ಪಾದ್ರಿಯವರು ಊರಿಗೆ ಬರುವ ದಿನ ಮಾತ್ರ ಅದು ಇಳಿದು ಸೊಪ್ಪು ತುಂಬುವ ಬುಟ್ಟಿಯ, ಮಂಕರಿಯ, ಕೆಳಗೆ ಸೇರುತ್ತಿತ್ತು. ಒಮ್ಮೆ ನಿಮ್ಮ ತಾತ, ಇದೇನಣ್ಣ ಎಂದು ಕೇಳಿದ್ದಕ್ಕೆ, ಇದು ಬೇಸಾಯ, ಇದಕ್ಕೂ ವಿಶ್ವಾಸಕ್ಕೂ ಸಂಬಂಧವಿಲ್ಲ ಎಂದು ಮುಗಿಸಿದರು. ದೇವರಿಗೆ ಕುಣಿಗಲ್ಲಿನ ದೇವಾಲಯದೊಳಗೆ ಪೂರ್ತಿ ಅಧಿಕಾರ ಕೊಟ್ಟಿದ್ದರು. ಹಿತ್ತಲಿಗೆ ಬರುವಷ್ಟು ಕೊಟ್ಟಿರಲಿಲ್ಲ.

ನಿಮ್ಮ ತಾತ ಕಾಮಾಲೆಯಲ್ಲಿ ಹೋದರು. ಅದನ್ನು ಬರೆಯಲು ಈಗಲೂ ನನಗೆ ಆಗುವುದಿಲ್ಲ, ಬಿಡಿ. ಮಣ್ಣು ಮಾಡಿ ಬಂದ ಮೇಲೆ ಬಂಧುಗಳೆಲ್ಲ ದೇವರ ಚಿತ್ತ, ದೇವರ ಚಿತ್ತ ಎನ್ನುತ್ತ ಊಟ ಮಾಡಿ ಹೊರಟರು. ನನಗೆ ಇಬ್ಬರು ಮಕ್ಕಳು, ಕೈಯಲ್ಲಿದ್ದ ವಿದ್ಯೆ ಹುಳ ಸಾಕುವುದೊಂದೇ. ಹೊಸ ಮೊಟ್ಟೆ ತಂದು ಮರಿ ಎದ್ದು ಹುಳ ಬೆಳೆಯುತ್ತಿದ್ದಾಗ, ಒಂದು ಬೆಳಗ್ಗೆ ಸೊಪ್ಪಿನ ಹೊರೆ ಹೊತ್ತು ಬಾಗಿಲಿಗೆ ಬಂದೆ. ಭಾವ ಅಡ್ಡ ನಿಂತಿದ್ದರು. ಹಿಂದೆ ಓರಗಿತ್ತಿ ಮುಖ ಬೇರೆ ಕಡೆ ಮಾಡಿ ನಿಂತಿದ್ದಳು.

"ನೋಡಮ್ಮ, ಬೇಜಾರು ಮಾಡ್ಕೋಬೇಡ. ಸೊಪ್ಪು ಕುಯ್ದು ಬಾಗ್ಲಲ್ಲಿ ಇಟ್ಬುಡು. ಒಳಗಡೆದೆಲ್ಲ ನಿಮ್ಮಕ್ಕ ನೋಡ್ಕೊತಾಳೆ."

ಯಾಕೆ ಭಾವ ಎಂದೆ.

"ಹುಳ ಸೂಕ್ಷ್ಮ ಕಣಮ್ಮ. ಗಂಡ ಇಲ್ದೋರು ಹೋದ್ರೆ ಕೆಡ್ತದೆ ಅಂತಾರೆ. ನಾನೇನು ನಂಬಲ್ಲ. ಊರೋರು ಆಡ್ಕೊತಾರಲ್ಲ, ಅದ್ಕೆ."

ನಂಬುವುದಿಲ್ಲ ಎಂದು ಹೇಳಿಕೊಂಡೇ ಅದರಂತೆ ನಡೆಯುವ ಜಾಣತನ ನನ್ನಂಥ ಕಡಿಮೆ ಓದಿದವಳಿಗೆ ಅರ್ಥವಾಗಲಿಲ್ಲ. ಊರಿನ ಒಕ್ಕಲಿಗರ ಹೆಂಗಸರಾದರೂ ನಂಬಿ ಹಾಗೆ ಮಾಡುತ್ತಿದ್ದರು, ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಹಿಂದಿನ ಭಾನುವಾರವಷ್ಟೇ ಇದೇ ಭಾವ, ವಿಧವೆಯರನ್ನೂ ತಬ್ಬಲಿಗಳನ್ನೂ ಕೈಬಿಡದ ದೇವರೇ ಎಂದು ಬಹಳ ಹೊತ್ತು ಪ್ರಾರ್ಥಿಸಿದ್ದರು. ಆಗ ಓರಗಿತ್ತಿ ನನ್ನ ಬೆನ್ನು ಸವರಿದ್ದಳು.

ಹಾಗಾದರೆ ನನ್ನ ಭಾಗದ ತಟ್ಟೆ ಕೊಡಿ, ನನ್ನ ಮನೆಯಲ್ಲಿ ಸಾಕಿಕೊಳ್ಳುತ್ತೇನೆ ಎಂದೆ. ಭಾವನಿಗೆ ಸಿಟ್ಟು ಬಂತು. ಹೆಂಗಸು ಮನೆಯ ಹಿರಿಯರಿಗೆ ವಿಧೇಯಳಾಗಿರಬೇಕು, ಅದೇ ದೇವರಿಗೆ ವಿಧೇಯತೆ ಎಂದರು. ಬೇರೆ ಸಾಕುವುದಾದರೆ ನಿನ್ನ ಬಾಗಿಲಿಗೂ ಒಂದು ಚಪ್ಪಲಿ ಕಟ್ಟು, ಆಗ ಊರಿನವರ ಬಾಯಾದರೂ ಮುಚ್ಚುತ್ತದೆ ಎಂದೂ ಸೇರಿಸಿದರು. ಅದೂ ಬೇಡವಾದರೆ ಗುಬ್ಬಿಗೆ ಹೋಗು, ನಿನ್ನ ಅಣ್ಣ ನೋಡಿಕೊಳ್ಳಲಿ.

ಚಪ್ಪಲಿ ಕಟ್ಟುವುದು ಎಷ್ಟು ಹೊತ್ತಿನ ಕೆಲಸ? ಒಂದು ಮೊಳೆ, ಒಂದು ದಾರ. ಕಟ್ಟಿದ್ದರೆ ಎಲ್ಲರ ಜೊತೆ ಸುಖವಾಗಿ ಇರಬಹುದಿತ್ತು. ಅವತ್ತು ಮಧ್ಯಾಹ್ನ ತೋಟದಲ್ಲಿ ಸೊಪ್ಪು ಕೊಯ್ಯುತ್ತ ಅದನ್ನೇ ಯೋಚಿಸಿದೆ. ನಮ್ಮಮ್ಮ ಗುಬ್ಬಿಯಲ್ಲಿ ನಮಗೆ ಕಲಿಸಿದ್ದು ಹೆಚ್ಚೇನಲ್ಲ. ಒಬ್ಬ ದೇವರ ಮುಂದೆ ಮಂಡಿಯೂರಿದ ಮೇಲೆ ಇನ್ನೊಂದರ ಮುಂದೆ ತಲೆ ಬಗ್ಗಿಸಬಾರದು, ಅದು ಕಲ್ಲಾಗಲಿ, ಜನರ ಮಾತಾಗಲಿ ಎಂದು ಹೇಳುತ್ತಿದ್ದಳು. ಅಷ್ಟೇ ನನಗೆ ಗೊತ್ತಿದ್ದ ವೇದಾಂತ. ಸೊಪ್ಪಿನ ಸಾಲಿನ ಮಧ್ಯೆ ನಿಂತು, ಕರ್ತನೇ, ನಾನು ಕಟ್ಟುವುದಿಲ್ಲ, ಉಳಿದದ್ದು ನಿನ್ನದು ಎಂದೆ. ಆಕಾಶದಿಂದ ಯಾವ ಧ್ವನಿಯೂ ಬರಲಿಲ್ಲ. ಮೈ ಮಾತ್ರ ಹಗುರಾಯಿತು, ಹೊರೆ ಇಳಿಸಿದಾಗ ಆಗುತ್ತದಲ್ಲ, ಹಾಗೆ.

ಓರಗಿತ್ತಿ ಬಾಗಿಲಾಚೆ ತಂದಿಟ್ಟ ನನ್ನ ಪಾಲಿನ ತಟ್ಟೆಗಳನ್ನು ನನ್ನ ಮನೆಯೊಳಕ್ಕೆ ಹೊತ್ತು ತಂದೆ. ನಡುಮನೆ ಹುಳದ ಪಾಲಾಯಿತು, ನಾನೂ ಮಕ್ಕಳೂ ಜಗಲಿಯ ಪಾಲಾದೆವು. ಒಗ್ಗರಣೆಯ ಘಾಟು ಹುಳಕ್ಕೆ ಆಗದೆಂದು ಒಲೆ ಹಿತ್ತಲಿಗೆ ಹೋಯಿತು. ಜನ ಹಾದು ಹೋಗುವಾಗಲೆಲ್ಲ ನನ್ನ ಬರಿಯ ಬಾಗಿಲನ್ನು ನೋಡಿ ಹೋಗುತ್ತಿದ್ದರು.

ಆ ಸಲವೇ ಊರಿಗೆ ಊಜಿ ನೊಣ ಬಂತು. ನಾವ್ಯಾರೂ ಅದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಹುಳದ ಮೈಮೇಲೆ ಕೂತು ಮೊಟ್ಟೆ ಇಡುತ್ತದೆ, ಕಪ್ಪು ಚುಕ್ಕೆ ಬೀಳುತ್ತದೆ, ಒಳಗೆ ಮರಿ ಬೆಳೆದು ಹುಳ ಸಾಯುತ್ತದೆ. ಊರಿನ ಎಲ್ಲ ಮನೆಯ ಬೆಳೆಯೂ ಹೋಯಿತು. ನನ್ನದೂ ಹೋಯಿತು. ಬೋಧಕರು ಇಲ್ಲಿ ನನ್ನದೊಂದು ಉಳಿಯಿತು ಎಂದು ಬರೆಯಲಿ ಎನ್ನುತ್ತಾರೇನೋ, ಉಳಿಯಲಿಲ್ಲ. ಸತ್ತ ಹುಳವನ್ನು ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದು, ಮಕ್ಕಳಿಬ್ಬರಿಗೂ ಗಂಜಿ ಕಾಯಿಸಿದೆ.

ತಪ್ಪು ಯಾರದೆಂದು ಹುಡುಕಲು ಊರಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಚಪ್ಪಲಿ ಕಟ್ಟದ, ಗಂಡ ಸತ್ತವಳು ಮನೆಯೊಳಗೇ ಹುಳ ಇಟ್ಟುಕೊಂಡಿದ್ದಳಲ್ಲ. ಭಾವನ ಬಾಗಿಲಿನ ಚಪ್ಪಲಿಯ ಕೆಳಗೇ ನೊಣ ಹಾರಿ ಒಳಗೆ ಹೋಗಿದ್ದು ಯಾರಿಗೂ ಹೊಳೆಯಲಿಲ್ಲ. ಮುಂದಿನ ಭಾನುವಾರ ಭಾವ ಸಭೆಯಲ್ಲಿ, ಹಟಮಾರಿ ಹೃದಯಗಳನ್ನು ಮುರಿಯಪ್ಪಾ ತಂದೆಯೇ ಎಂದು ಪ್ರಾರ್ಥಿಸಿದರು. ಯಾರ ಹೃದಯ ಎಂದು ಹೇಳಲಿಲ್ಲ. ಎಲ್ಲರೂ ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ತಿರುಗಿದಂತಿತ್ತು.

ಆಮೇಲೆ ರೇಷ್ಮೆ ಇಲಾಖೆಯವರು ಜೀಪಿನಲ್ಲಿ ಬಂದು, ಇದು ನೊಣದ ಕಾಟ, ಕಿಟಕಿ ಬಾಗಿಲಿಗೆ ಪರದೆ ಕಟ್ಟಿ ಎಂದು ಹೇಳಿ ಹೋದರು. ಪರದೆ ಕೊಳ್ಳುವ ಸ್ಥಿತಿ ನನ್ನದಲ್ಲ. ಪೆಟ್ಟಿಗೆಯ ತಳದಲ್ಲಿ ನನ್ನ ಮದುವೆಯ ಮುಸುಕು ಇತ್ತು, ಬಿಳಿ ಸೀರೆಯ ಜೊತೆ ತಲೆಗೆ ಹಾಕುವ ಆ ಜಾಲರಿ ಬಟ್ಟೆ. ನುಸಿಗುಳಿಗೆ ವಾಸನೆ ಹೋಗಲೆಂದು ಬಿಸಿಲಿಗೆ ಹಾಕಿ, ಕತ್ತರಿಸಿ, ಕಿಟಕಿಗೆ ಹೊಡೆದೆ. ಅಳಲಿಲ್ಲ. ಹಳ್ಳಿಮನೆಯ ಕಿಟಕಿ ಎಷ್ಟಗಲ? ಇನ್ನೂ ಒಂದು ತುಂಡು ಮಿಕ್ಕಿತು. ಬಾಗಿಲಿಗೆ ಹಳೇ ಧೋತಿ ಆಯಿತು.

ಊರಿಗೆ ಆಡಿಕೊಳ್ಳಲು ಹೊಸದೊಂದು ಸಿಕ್ಕಿತು. ಬಾವಿಯ ಹತ್ತಿರ ಒಬ್ಬಳು ನನಗೆ ಕೇಳಿಸಲೆಂದೇ ಹೇಳಿದಳು: "ಕಿಟಕೀಗೆ ಮದುವೆ ಮಾಡವ್ಳೆ ಕಣೇ. ಇನ್ನು ಗಂಡು ಯಾರೋ?"

"ನೊಣ ಅಲ್ಲ ಬುಡು. ಅದು ಆಚೇಲೇ ನಿಂತೈತೆ" ಎಂದೆ.

ಎಲ್ಲರೂ ನಕ್ಕರು, ಅವಳೂ ನಕ್ಕಳು. ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು, ಹೆಚ್ಚುಕಡಿಮೆ ಅದೇ ಕೊನೆ.

ಎರಡನೆಯ ಸಲ ಹುಳ ಚೆನ್ನಾಗಿ ಎದ್ದವು. ಪರದೆ ಕಟ್ಟಿದ ಎಲ್ಲರ ಮನೆಯಲ್ಲೂ ಎದ್ದವು. ಭಾವನೂ ಪೇಟೆಯಿಂದ ಪರದೆ ತಂದು ಕಟ್ಟಿದ್ದರು. ಅದರ ಮೇಲೆ ಚಪ್ಪಲಿಯೂ ಇತ್ತು. ಊರಿಗೆಲ್ಲ ಒಟ್ಟಿಗೆ ಮೊಟ್ಟೆ ತಂದದ್ದರಿಂದ ಹುಳ ಹಣ್ಣಾಗುವುದೂ ಒಟ್ಟಿಗೇ. ಹಣ್ಣಾದ ಹುಳ ಮೇಯುವುದಿಲ್ಲ, ಮೈ ಹೊಳಪಾಗುತ್ತದೆ, ತಲೆಯೆತ್ತಿ ಗೂಡಿಗೆ ಜಾಗ ಹುಡುಕುತ್ತದೆ. ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ಸುರುಳಿಯ ಚಾಪೆಗೆ, ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಬೇಗ ಹಣ್ಣಾಗಿದ್ದ ನನ್ನವನ್ನು ಬೆಳಗ್ಗೆಯೇ ಬಿಟ್ಟು ಕೈ ತೊಳೆಯುತ್ತಿದ್ದೆ. ಭಾವ ಬೇಲಿಯ ಹತ್ತಿರ ಬಂದು ನಿಂತರು. ಓರಗಿತ್ತಿಗೆ ಹಿಂದಿನ ದಿನದಿಂದ ಚಳಿಜ್ವರ, ಏಳುವ ಹಾಗಿಲ್ಲ. ಊರಿನಲ್ಲಿ ಪ್ರತಿಯೊಬ್ಬರ ಕೈಯೂ ಅವರವರ ತಟ್ಟೆಯಲ್ಲಿತ್ತು.

"ಹುಳ ಎಲ್ಲಾ ಹಣ್ಣಾಗೋಗವೆ ಕಣಮ್ಮ. ಸ್ವಲ್ಪ ಕೈ ಹಾಕು. ಹಿಂದಿನ ಬಾಗ್ಲು ತೆಗ್ದಿವ್ನಿ."

ಹಿಂದಿನ ಬಾಗಿಲು. ಯಾರೂ ನೋಡದಿರಲೆಂದು. ಆ ಬಾಗಿಲು ತಿಪ್ಪೆಯ ಕಡೆಗಿತ್ತು.

ನನಗೆ ಹೋಗಲು ಮನಸ್ಸಿರಲಿಲ್ಲ. ಆ ಹುಳವೆಲ್ಲ ಕಸದಲ್ಲಿ ಕೊಳೆಯಲಿ, ಚಪ್ಪಲಿ ಬಂದು ಆರಿಸಲಿ ಎಂದೇ ಅನಿಸಿತು. ಮಕ್ಕಳೇ, ಇದನ್ನು ಮುಚ್ಚಿಟ್ಟರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ. ಆದರೆ ವೈರಿಯನ್ನು ಪ್ರೀತಿಸಬೇಕು ಎಂದವನೂ ಆ ಕರ್ತನೇ ಅಲ್ಲವೇ? ನನಗೆ ಹಿಡಿಸಿದ ಆಜ್ಞೆಯನ್ನು ಹಿಡಿದು ಇದನ್ನು ಮಾತ್ರ ಬಿಟ್ಟರೆ, ನಾನೂ ದೇವರಿಗೆ ಹಿತ್ತಲಿನ ಬಾಗಿಲು ಹಾಕಿದವಳೇ. ಭಾವನ ಥರದವಳಾಗುವುದು ನನಗೆ ಎಲ್ಲಕ್ಕಿಂತ ಅಸಹ್ಯವಾಗಿತ್ತು. ವಿಧೇಯತೆ ಎಂದರೆ ಮನಸ್ಸು ಕರಗುವುದು ಎಂದು ಬೋಧಕರು ಹೇಳುತ್ತಾರೆ. ನನ್ನದೇನೂ ಕರಗಿರಲಿಲ್ಲ. ಕಲ್ಲಿನಂಥ ಮನಸ್ಸು ಹೊತ್ತುಕೊಂಡೇ ಹೊರಟೆ.

"ಬರ್ತೀನಿ ಭಾವ. ಮುಂದಿನ ಬಾಗ್ಲಿಂದ ಬರ್ತೀನಿ. ಅದನ್ನ ಇಳಿಸಿ."

ಅವರು ಬೀದಿಯ ಕಡೆ ನೋಡಿದರು, ಹುಳದ ಮನೆಯ ಕಡೆ ನೋಡಿದರು. ಕೊನೆಗೆ ಮಂಕರಿಯೊಂದನ್ನು ಬೋರಲು ಹಾಕಿ ಹತ್ತಿ, ದಾರ ಬಿಚ್ಚಿದರು. ಬಿಚ್ಚಿದ ಮೇಲೆ ಅದನ್ನು ಎಲ್ಲಿಡುವುದೆಂದು ತಿಳಿಯದೆ, ಸಭೆಯಲ್ಲಿ ಕಾಣಿಕೆ ತಟ್ಟೆ ಹಿಡಿದುಕೊಳ್ಳುವಂತೆ ಎರಡು ಕೈಯಲ್ಲಿ ಹಿಡಿದು ನಿಂತರು. ನಾನು ಪರದೆ ಸರಿಸಿ ಒಳಗೆ ಹೋದೆ. ಎದುರು ಮನೆಯವರು ಜಗಲಿಯ ಮೇಲೆ ಬಂದು ನೋಡುತ್ತಿದ್ದರು.

ಇಬ್ಬರೂ ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡತೊಡಗಿದೆವು. ಅವರು ಆಗಾಗ ಕೈ ತಡೆದು, ನನ್ನ ಬೆರಳು ಮುಟ್ಟಿದ ಹುಳವನ್ನೇ ನೋಡುತ್ತಿದ್ದರು, ಸಾಯುತ್ತದೇನೋ ಎಂದು ಕಾಯುವವರ ಹಾಗೆ. ಅದು ಚಂದ್ರಿಕೆಯ ಸುರುಳಿಯಲ್ಲಿ ತಲೆ ಆಡಿಸಿ ನೂಲು ಬಿಡಲು ಶುರು ಮಾಡಿತು. ಆಗ ಭಾವ ತಗ್ಗಿದ ದನಿಯಲ್ಲಿ ಕೇಳಿದರು: "ನಿಂಗೆ ಒಂದ್ಚೂರೂ ಭಯ ಆಗಲ್ವೇನಮ್ಮ?"

ಅದು ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ನಿಜವಾದ ಪ್ರಾರ್ಥನೆ. ಆಗ ಹೇಳದ್ದನ್ನು ಈಗ ಬರೆಯುತ್ತಿದ್ದೇನೆ. ಭಯವಾಗುತ್ತಿತ್ತು ಭಾವ, ನಿಮ್ಮಷ್ಟೇ ಆಗುತ್ತಿತ್ತು. ಆದರೆ ನನಗೆ ಒಬ್ಬನ ಮಾತು ಕೇಳಿದರೆ ಸಾಕಿತ್ತು. ನೀವು ದೇವರನ್ನು ಒಲಿಸಬೇಕು, ಊರನ್ನು ಒಲಿಸಬೇಕು, ಪಾದ್ರಿಯವರಿಗೆ ಕಾಣದ ಹಾಗೆ ಚಪ್ಪಲಿಯನ್ನೂ ಒಲಿಸಬೇಕು. ಅಷ್ಟು ಜನ ಯಜಮಾನರನ್ನು ಇಟ್ಟುಕೊಂಡವರಿಗೆ ನಿದ್ದೆ ಎಲ್ಲಿಂದ ಬರಬೇಕು?

ಅವತ್ತು ಬಾಯಲ್ಲಿ ಹೇಳಿದ್ದು, ಆ ಮೂಲೆಯ ತಟ್ಟೆ ಇತ್ತ ಕೊಡಿ ಎಂದಷ್ಟೇ. ಕೊಟ್ಟರು. ಗೂಡು ಇಬ್ಬರದೂ ಚೆನ್ನಾಗಿ ಬಂತು. ಆಮೇಲೆ ನಾನು ಆ ಹುಳದ ಮನೆಗೆ ಹೋಗುವುದನ್ನು ಯಾರೂ ತಡೆಯಲಿಲ್ಲ, ನನ್ನ ಬಾಗಿಲಿಗೆ ಏನಾದರೂ ಕಟ್ಟು ಎಂದೂ ಯಾರೂ ಹೇಳಲಿಲ್ಲ. ಮುಂದಿನ ಬೆಳೆಗೆ ಮೊಟ್ಟೆ ತಂದ ದಿನ ಸೊಪ್ಪು ಹೊತ್ತು ಹೋದಾಗ ನೋಡಿದೆ: ಪರದೆಯ ಒಳಗಡೆ, ಬೀದಿಗೆ ಕಾಣದ ಹಾಗೆ, ಚಪ್ಪಲಿ ಮತ್ತೆ ತೂಗುತ್ತಿತ್ತು. ತಲೆ ತಾಗದಂತೆ ಸ್ವಲ್ಪ ಬಗ್ಗಿ ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಕಿದೆ.